ಮೀಟರಿನಿಂದ ಒಳಗೆ

ನಾನು ಲೈನ್‌ಮನ್ ಕೆಲಸಕ್ಕೆ ಈ ಊರಿಗೆ ವರ್ಗವಾಗಿ ಬಂದ ದಿನ ಸೆಕ್ಷನ್ ಆಫೀಸಿನ ಸಾಹೇಬರು ಒಂದು ಏಣಿ, ಒಂದು ಬೆಲ್ಟು, ಒಂದು ಜೊತೆ ಹಳೆಯ ರಬ್ಬರ್ ಗ್ಲೌಸು ಕೊಟ್ಟು, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, ಪೆನ್ನಿನ ಮುಚ್ಚಳ ಹಾಕುತ್ತಾ ಹೇಳಿದರು: "ನೋಡು ಹಾಲೇಶ, ಕಂಬದಿಂದ ಮೀಟರ್‌ವರೆಗೆ ನಮ್ಮದು. ಮೀಟರಿನಿಂದ ಒಳಗೆ ಮನೆಯವರದು. ಬೇರೆ ಊರಲ್ಲಿ ಇದು ಬರೀ ರೂಲ್ಸು. ಇಲ್ಲಿ ಹಂಗಲ್ಲ. ಒಳಗೆ ಕೈ ಹಾಕೋಕೆ ಹೋಗಬೇಡ. ಹಾಕಿದ್ರೂ ಏನೂ ಆಗಲ್ಲ."

ನಾನು ತಲೆ ಅಲ್ಲಾಡಿಸಿದೆ. ಏನು ಹೇಳಿದರೆಂದು ಅರ್ಥವಾಗಿರಲಿಲ್ಲ. ಅರ್ಥವಾಗಿದ್ದು ಎರಡು ವಾರ ಕಳೆದ ಮೇಲೆ, ನಾವು ಬಾಡಿಗೆಗೆ ಹಿಡಿದ ಮನೆಯಲ್ಲಿ ಫ್ಯೂಸು ಸುಟ್ಟಾಗ. ಸುಟ್ಟ ಫ್ಯೂಸು ಕಟ್ಟುವುದು ನನಗೆ ಎಲೆ ಅಡಿಕೆ ಹಾಕಿಕೊಂಡಷ್ಟೇ ಸಲೀಸು. ಪಿಂಗಾಣಿ ಬಿಲ್ಲೆ ಕಿತ್ತು, ಹೊಸ ವೈರು ಸುತ್ತಿ, ತಿರುಪು ಬಿಗಿದು ಒತ್ತಿದೆ. ದೀಪ ಬರಲಿಲ್ಲ. ಮೀಟರಿಗೆ ಟೆಸ್ಟರ್ ಇಟ್ಟರೆ ಕೆಂಪಗೆ ಉರಿಯಿತು. ಫ್ಯೂಸಿನ ಈಚೆಗೆ ಇಟ್ಟರೆ ಸತ್ತಂತೆ ಇತ್ತು. ಮೂರು ಸಲ ಕಟ್ಟಿದೆ. ಬೋರ್ಡು ಪೂರ್ತಿ ಬಿಚ್ಚಿ ಮತ್ತೆ ಕೂರಿಸಿದೆ. ಬೆವರು ಮೂಗಿನ ತುದಿಯಿಂದ ಇಳಿಯುತ್ತಿತ್ತು. ಅಷ್ಟರಲ್ಲಿ ಮನೆಯ ಒಡತಿ ಕೆಂಚಜ್ಜಿ ಬಾಗಿಲಲ್ಲಿ ಬಂದು ನಿಂತು ಸೊಂಟಕ್ಕೆ ಕೈ ಇಟ್ಟುಕೊಂಡು ನಕ್ಕಳು.

"ಇಳಿಯಪ್ಪ ಕೆಳಗೆ. ಊರಿಗೆಲ್ಲ ಕರೆಂಟು ಕೊಡೋನ ಮನೇಲಿ ದೀಪ ಹಚ್ಚೋಕೆ ಮುದುಕಿ ಬರಬೇಕು ನೋಡು."

ಅವಳು ಸ್ಟೂಲು ಹತ್ತಿ, ನಾನು ಸುತ್ತಿದ್ದ ವೈರನ್ನು ಬಿಚ್ಚಿ ಎಸೆದು, ಬೇರೆ ಎಳೆಯನ್ನು ನನಗಿಂತ ಸೊಟ್ಟಗೆ ಸುತ್ತಿ ಒತ್ತಿದಳು. ನಡುಮನೆಯ ಬಲ್ಬು, ಅಡುಗೆಮನೆಯ ಬಲ್ಬು, ಹಿತ್ತಲ ಬಲ್ಬು ಮೂರೂ ಒಟ್ಟಿಗೆ ಹತ್ತಿಕೊಂಡವು. ಕರೆಂಟಿಗೆ ಕಣ್ಣಿಲ್ಲ, ಕಿವಿಯಿಲ್ಲ, ದಾರಿ ಕೊಟ್ಟರೆ ಹರಿಯುತ್ತದೆ ಅಷ್ಟೇ ಎಂದು ಟ್ರೈನಿಂಗಿನಲ್ಲಿ ನಮಗೆ ಕಲಿಸಿದ್ದರು. ಈ ಊರಿನಲ್ಲಿ ಅದು ಮೀಟರ್ ದಾಟಿದ ಕೂಡಲೇ ಆ ಮನೆಯದಾಗಿಬಿಡುತ್ತಿತ್ತು. ಮನೆ ಗುರುತು ಹಿಡಿದ ಕೈ ಕಟ್ಟಿದರೆ ಬರುತ್ತಿತ್ತು. ಗುರುತಿಲ್ಲದ ಕೈಗೆ ಬರುತ್ತಿರಲಿಲ್ಲ.

ಊರಿನವರಿಗೆ ಇದೇನೂ ದೊಡ್ಡ ಸಂಗತಿಯಲ್ಲ. ಮದುವೆಯಾಗಿ ಬಂದ ಸೊಸೆಯನ್ನು ನೆರೆಯವರು "ಮನೆ ಗುರುತು ಹಿಡೀತೇನವ್ವ?" ಎಂದು, ಊಟ ಆಯಿತೇ ಎಂದು ಕೇಳುವ ಹಾಗೆ ಕೇಳುತ್ತಿದ್ದರು. ಕೆಲವರಿಗೆ ಮೂರೇ ದಿನಕ್ಕೆ ಹಿಡಿದದ್ದುಂಟು. ಕುಂಬಾರಗೇರಿಯ ಒಬ್ಬಳಿಗೆ ಹನ್ನೊಂದು ವರ್ಷವಾದರೂ ಹಿಡಿದಿರಲಿಲ್ಲ, ಅವಳು ಸುಮ್ಮನೆ ಅತ್ತೆಯನ್ನು ಕರೆಯುತ್ತಿದ್ದಳು. ಮನೆ ಮಾರುವವರು ಕೊಂಡವರ ಜೊತೆ ಐದಾರು ತಿಂಗಳು ಒಂದೇ ಸೂರಿನಡಿ ಇದ್ದು, ಮನೆಗೆ ಹೊಸ ಕೈ ರೂಢಿಯಾದ ಮೇಲೆ ಗಂಟುಮೂಟೆ ಕಟ್ಟುತ್ತಿದ್ದರು. ಮಿಲಿಟರಿಗೆ ಹೋಗಿದ್ದ ದರ್ಜಿಯೊಬ್ಬ ಒಂಬತ್ತು ವರ್ಷ ಬಿಟ್ಟು ಬಂದು, ಟ್ರಂಕು ಕೆಳಗಿಡುವ ಮೊದಲೇ ಫ್ಯೂಸು ಕಟ್ಟಿದನಂತೆ, ದೀಪ ಬಂತಂತೆ. ಹೊಸ್ತಿಲು ದಾಟದೆ ಮನೆಯಲ್ಲೇ ಕೂತ ಅವನ ತಮ್ಮನಿಗೆ ಯಾವತ್ತೂ ಬರಲಿಲ್ಲವಂತೆ. ಯಾಕೆ ಎಂದು ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. "ಅದು ಮನೆ ಇಷ್ಟ ಕಣಪ್ಪ" ಎನ್ನುತ್ತಿದ್ದರು. ಆದರೆ ಒಂದು ಕಟ್ಟಳೆಯಿತ್ತು. ಮನೆ ಯಾರ ಕೈ ಗುರುತು ಹಿಡಿಯುತ್ತದೋ ಮನೆ ಅವರದು. ಯಾರನ್ನೂ ಗುರುತು ಹಿಡಿಯದೆ ಹೋದರೆ ಕಾಗದಪತ್ರ ಯಾರ ಹೆಸರಿನಲ್ಲಿದ್ದರೂ ಊರು ಅವರದೆಂದು ಒಪ್ಪುತ್ತಿರಲಿಲ್ಲ. ಅದಕ್ಕೇ ಬಾಡಿಗೆಯವರು ಫ್ಯೂಸು ಮುಟ್ಟಬಾರದು, ಮನೆಯ ಒಡೆಯರನ್ನೇ ಕರೆಯಬೇಕು. ಮೊದಲ ಸಲ ನಾನು ಮುಟ್ಟಿದ್ದನ್ನು ಹೊಸಬ ಎಂದು ಮಾಫಿ ಮಾಡಿದರು.

ನಮ್ಮ ಮನೆಯನ್ನು ಕೆಂಚಜ್ಜಿ, ಅವಳ ಗಂಡ ಇಬ್ಬರೇ ಕಟ್ಟಿದ್ದು. ಇಬ್ಬರೂ ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕಿದ್ದರು. ಸಂಜೆ ಕೆಲಸ ಬಿಟ್ಟು ಬರುವಾಗ ಇಬ್ಬರೂ ತಲೆಯ ಮೇಲೆ ಎಂಟೆಂಟು ಇಟ್ಟಿಗೆ ಹೊತ್ತು ತರುತ್ತಿದ್ದರಂತೆ. ಅವನು ತೀರಿಕೊಂಡ ಮೇಲೆ ಅಜ್ಜಿ ಮನೆಯನ್ನು ಬಾಡಿಗೆಗೆ ಕೊಟ್ಟು, ಮಗ ಬೊಮ್ಮಣ್ಣನ ಹಿಟ್ಟಿನ ಗಿರಣಿಯ ಹಿಂದಿದ್ದ ಕೋಣೆಗೆ ಹೋಗಿದ್ದಳು. ಎರಡು ಬೀದಿ ಆಚೆ ಗಿರಣಿ. ಫ್ಯೂಸು ಹೋದಾಗಲೆಲ್ಲ ನನ್ನ ಹೆಂಡತಿ ಸಾವಂತ್ರಿ ಹೋಗಿ ಕರೆಯುತ್ತಿದ್ದಳು, ಅಜ್ಜಿ ತಲೆಯ ಮೇಲಿನ ಹಿಟ್ಟು ಕೊಡವಿಕೊಳ್ಳುತ್ತಾ ಬರುತ್ತಿದ್ದಳು. ನಾನು ಸ್ಟೂಲು ಹಿಡಿದುಕೊಳ್ಳುವುದು. ಅವಳು ಮೇಲೆ ನಿಂತು ನನ್ನ ಸಂಬಳದ ಬಗ್ಗೆ, ನನ್ನ ಏಣಿಯ ಬಗ್ಗೆ ತಮಾಷೆ ಮಾಡುವುದು. ಆರು ವರ್ಷದಿಂದ ಈಚೆಗೆ ಒಂದೇ ಒಂದು ಬದಲಾವಣೆಯಾಗಿತ್ತು. "ಕಣ್ಣು ಮಂಜು ಕಣವ್ವ, ಈ ಸಣ್ಣ ವೈರು ಕಾಣಲ್ಲ, ನೀನೇ ಸುತ್ತಿ ಕೊಡು" ಎಂದು ಬಿಲ್ಲೆಯನ್ನು ಸಾವಂತ್ರಿಗೆ ಕೊಡುತ್ತಿದ್ದಳು. ಸಾವಂತ್ರಿ ಸುತ್ತಿ ಕೊಟ್ಟದ್ದನ್ನು ಅಜ್ಜಿ ಒತ್ತುತ್ತಿದ್ದಳು. ಒತ್ತುವುದು ಒಡತಿಯೇ ಆದ್ದರಿಂದ ಅದನ್ನು ಬಾಡಿಗೆಯವರು ಮುಟ್ಟಿದ್ದೆಂದು ಯಾರೂ ಎಣಿಸಲಿಲ್ಲ. ದೀಪ ಬರುತ್ತಿತ್ತು. ಅದೇ ಅಜ್ಜಿ ನಮ್ಮ ಜಗಲಿಯಲ್ಲಿ ಕೂತು ಮೊರದ ಅಕ್ಕಿಯಲ್ಲಿ ನನಗೆ ಕಾಣದ ಕಲ್ಲು ಆರಿಸುತ್ತಿದ್ದುದನ್ನು, ಸಾವಂತ್ರಿಗೆ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದುದನ್ನು ನಾನು ದಿನವೂ ನೋಡುತ್ತಿದ್ದೆ. ಕಂಬದ ತುದಿಯಲ್ಲಿ ಎಲ್ಲಿ ವೈರು ಸಡಿಲವಾಗಿದೆ ಎಂದು ನೆಲದಿಂದಲೇ ಹೇಳುವವನು ನಾನು. ಇದು ಮಾತ್ರ ನನಗೆ ಹೊಳೆಯಲಿಲ್ಲ.

ಹೋದ ಪುಷ್ಯಮಾಸದಲ್ಲಿ ಅಜ್ಜಿ ನಲ್ಲಿಯ ಹತ್ತಿರ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ದೂರದ ದೊಡ್ಡಾಸ್ಪತ್ರೆಗೆ ಸೇರಿಸಿದರು. ಅದೇ ವಾರ ಸಾವಂತ್ರಿ ನೂರೈವತ್ತು ಕೋಳಿಮರಿ ತರಿಸಿದ್ದಳು. ಒಂದು ದಿನದ ಮರಿಗಳು, ನಿಂಬೆಹಣ್ಣಿನಷ್ಟು ಗಾತ್ರ. ಹಿಂದಿನ ಕೋಣೆಯಲ್ಲಿ ತಗಡಿನ ಸುತ್ತು ಕಟ್ಟಿ, ನೆಲಕ್ಕೆ ಭತ್ತದ ಹೊಟ್ಟು ಹಾಸಿ, ಮೇಲೆ ಎರಡು ದೊಡ್ಡ ಬಲ್ಬು ತೂಗುಹಾಕಿದ್ದಳು. ಮೂರು ವಾರ ಆ ಶಾಖದಲ್ಲಿಟ್ಟರೆ ಬದುಕುತ್ತವೆ. ಇಲ್ಲದಿದ್ದರೆ ಒಂದರ ಮೇಲೊಂದು ಬಿದ್ದು ಸಾಯುತ್ತವೆ. ನಾಲ್ಕನೆಯ ದಿನ ಬೆಳಿಗ್ಗೆ, ಬೀದಿಯ ಆಚೆಯ ಮನೆ ಕಾಣದಷ್ಟು ಮಂಜು ಕವಿದಿದ್ದಾಗ, ನಮ್ಮ ಫ್ಯೂಸು ಹೋಯಿತು.

ನಾನು ಓಡಿಹೋಗಿ ಬೊಮ್ಮಣ್ಣನನ್ನು ಕರೆತಂದೆ. ಅವನು ಆ ಮನೆಯಲ್ಲೇ ಹುಟ್ಟಿ ಬೆಳೆದವನು. ಮದುವೆಯಾಗಿ ಗಿರಣಿಗೆ ಹೋಗಿ ಇಪ್ಪತ್ತು ವರ್ಷವಾಗಿತ್ತು. ಎರಡು ಬೀದಿ ಅಂತರದಲ್ಲಿದ್ದರೂ, ನಾನು ಬಂದ ಹನ್ನೊಂದು ವರ್ಷದಲ್ಲಿ ಅವನು ಒಳಗೆ ಕಾಲಿಟ್ಟದ್ದನ್ನು ನಾನು ನೋಡಿರಲಿಲ್ಲ. ಅಂದು ಬಾಗಿಲಲ್ಲಿ ತಲೆ ಬಗ್ಗಿಸಬೇಕೆಂಬುದನ್ನು ಮರೆತು ಹಣೆಗೆ ಪೆಟ್ಟು ಮಾಡಿಕೊಂಡ. ಸ್ಟೂಲು ಹತ್ತಿ ಸುತ್ತಿದ, ಒತ್ತಿದ. ಬರಲಿಲ್ಲ. ಮತ್ತೆ ಸುತ್ತಿದ. ಕಿಟಕಿಯಲ್ಲಿ ನೆರೆಯವರ ತಲೆಗಳು ಸೇರಿದ್ದವು.

"ನಿನ್ನ ವೈರೇ ಸರಿಯಿಲ್ಲ ಕಣಯ್ಯ," ಎಂದ ನನಗೆ. ಅವನ ಕಿವಿ ಕೆಂಪಗಾಗಿತ್ತು. "ಹೊರಗೇ ಏನೋ ಆಗಿದೆ. ಕಂಬ ನೋಡು ಹೋಗು." ಹಾಗೆಂದು ಇಳಿದು, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಕಂಬದಲ್ಲಿ ಏನೂ ಆಗಿರಲಿಲ್ಲ, ಮೀಟರ್‌ವರೆಗೆ ಸರಿಯಾಗಿತ್ತು. ಕೆಂಡದ ಬಾಂಡಲಿ ಇಟ್ಟು ನೋಡಿದೆವು. ಹೊಗೆಗೆ ಮರಿಗಳು ಇನ್ನಷ್ಟು ಕಂಗಾಲಾದವು. ಮೂಲೆಗೆ ಸೇರಿ ಗುಡ್ಡೆಯಾಗಿ, ಅವುಗಳ ಕೂಗು ಸಣ್ಣಗಾಗುತ್ತಾ ಬಂತು. ಸಾವಂತ್ರಿ ಗುಡ್ಡೆ ಬಿಡಿಸುತ್ತಿದ್ದಳು. ಅಡಿಯಿಂದ ಒಂದೊಂದಾಗಿ ಹನ್ನೊಂದು ಮರಿ ತೆಗೆದು ಮೊರದಲ್ಲಿ ಸಾಲಾಗಿ ಇಟ್ಟಳು. ಹನ್ನೆರಡನೆಯದನ್ನು ಕೈಯಲ್ಲಿ ಹಿಡಿದು, ಅದರ ಮೇಲೆ ಬಾಯಿಂದ ಬಿಸಿ ಉಸಿರು ಬಿಟ್ಟಳು. ಅದು ಕೊಕ್ಕು ತೆರೆಯಿತು. ಅದನ್ನು ನನ್ನ ಅಂಗೈಯಲ್ಲಿ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೂಲು ಎಳೆದಳು.

"ಸಾವಂತ್ರಿ, ಬೇಡ. ಬಾಡಿಗೆಯವರು ಮುಟ್ಟಬಾರದು. ಊರವರು ಏನಂತಾರೆ?"

"ಊರವರು ಬಂದು ಮರಿಗೆ ಕಾವು ಕೊಡ್ತಾರೇನ್ರಿ?"

"ನೀನು ಮುಟ್ಟಿದ್ರೆ ತಾನೆ ಬರುತ್ತಾ?"

ಅವಳು ಮೇಲಿನಿಂದ ನನ್ನನ್ನು ಒಂದು ಸಲ ನೋಡಿದಳು. ಆ ನೋಟ ನನಗೆ ಆಗ ತಿಳಿಯಲಿಲ್ಲ. ವೈರಿನ ಎಳೆಯನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿ, ಸುತ್ತಿ, ಒತ್ತಿದಳು.

ದೀಪ ಬಂತು. ಮೀಟರಿನ ಈಚೆಗಿನ ಆ ಹಳೆಯ ವೈರು, ಗೋಡೆಗುಂಟ ಅಜ್ಜಿಯ ಗಂಡ ಮೊಳೆ ಹೊಡೆದು ಎಳೆದಿದ್ದ ವೈರು, ಯಾರೋ ಮೆಲ್ಲಗೆ ಹೂಂಗುಟ್ಟಿದ ಹಾಗೆ ಒಮ್ಮೆ ಗುಂಯ್ ಎಂದದ್ದು ನನಗೆ ಕೇಳಿಸಿತು. ಹಿಂದಿನ ಕೋಣೆಯಿಂದ ಹಳದಿ ಬೆಳಕು ನಡುಮನೆಯವರೆಗೆ ಹರಿದು ಬಂತು. ಹತ್ತು ನಿಮಿಷದಲ್ಲಿ ಮರಿಗಳು ಬಲ್ಬಿನ ಕೆಳಗೆ ಹರಡಿಕೊಂಡು, ರೆಕ್ಕೆ ಚಾಚಿ, ಕಣ್ಣು ಮುಚ್ಚಿದವು. ನನ್ನ ಅಂಗೈಯಲ್ಲಿದ್ದುದೂ ಕೂಗತೊಡಗಿತು. ಹನ್ನೊಂದು ವರ್ಷ ಈ ಊರಿನ ಎಲ್ಲ ಕಂಬ ಹತ್ತಿ ಇಳಿದವನು ನಾನು. ನನ್ನ ಹೆಂಡತಿ ಒಂದು ಸ್ಟೂಲಿನ ಮೇಲೆ ನಿಂತಿದ್ದಳು, ನಾನು ಕೈ ಮುಗಿಯಬೇಕೋ ಬೇಡವೋ ತಿಳಿಯದೆ ನಿಂತಿದ್ದೆ. ಕೈಯಲ್ಲಿ ಕೋಳಿಮರಿ ಇತ್ತು, ಮುಗಿಯುವುದಕ್ಕೂ ಆಗಲಿಲ್ಲ.

ಕಿಟಕಿಯಲ್ಲಿದ್ದವರು ನೋಡಿದ್ದರು. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು. ಬೊಮ್ಮಣ್ಣನಿಗೆ ತನ್ನ ಕೈಗೆ ಬಾರದ್ದು ಬಾಡಿಗೆಯವಳ ಕೈಗೆ ಬಂತೆಂಬುದನ್ನು ಸಹಿಸಲಾಗಲಿಲ್ಲ. "ಲೈನ್‌ಮನ್ ಹೊರಗೆ ಕಂಬದಲ್ಲಿ ಏನೋ ಕೈಚಳಕ ಮಾಡಿದ್ದಾನೆ, ನಮ್ಮವ್ವನ ಮನೆ ಹೊಡ್ಕೊಳ್ಳೋಕೆ ಮಾಡಿದ ಆಟ ಇದು" ಎಂದು ಗಿರಣಿಗೆ ಬಂದವರಿಗೆಲ್ಲ ಹೇಳಿದ. ಊರಿನ ಯಜಮಾನರಾದ ಈರಬಸಪ್ಪನವರ ಹತ್ತಿರ ಹೋಗಿ, "ನಮ್ಮವ್ವ ಬರಲಿ. ಎಲ್ಲರ ಮುಂದೆ ಅವಳೇ ಫ್ಯೂಸು ಕಟ್ಟಲಿ. ಆಗ ಮನೆ ಯಾರದು ಅಂತ ತಿಳಿಯುತ್ತೆ" ಎಂದು ಪಟ್ಟು ಹಿಡಿದ. ಯಜಮಾನರು ಒಪ್ಪಿದರು.

ಅಂದು ಸಂಜೆ ಸಾವಂತ್ರಿ ಊಟ ಮಾಡಲಿಲ್ಲ. "ನಾವು ಮನೆ ಖಾಲಿ ಮಾಡಿಬಿಡೋಣ ರೀ," ಎಂದಳು.

"ಯಾಕೆ? ನಾವೇನು ಕದ್ದಿದ್ದೀವಾ? ಅಜ್ಜಿ ಬಂದು ಕಟ್ಟಲಿ. ಅವಳ ಕೈಗೂ ಬರುತ್ತೆ, ನಿನ್ನ ಕೈಗೂ ಬಂದಿದೆ. ಒಂದು ಮನೆ ಇಬ್ಬರನ್ನ ಗುರುತು ಹಿಡಿಯೋದು ಇಲ್ಲಿ ಹೊಸದೇನಲ್ಲ."

ಅವಳು ಮುಟ್ಟದ ತಟ್ಟೆ ಎತ್ತಿಟ್ಟಳು. ಮಾರನೆಯ ದಿನ ತಾನೇ ಗಿರಣಿಗೆ ಹೋಗಿ ಬೊಮ್ಮಣ್ಣನ ಮುಂದೆ ನಿಂತು, "ಅಣ್ಣ, ಮರಿ ದೊಡ್ಡವಾದ ಮೇಲೆ ನಾವು ಹೊರಟುಹೋಗ್ತೀವಿ. ಅಜ್ಜಿ ಕೈಲಿ ಮಾತ್ರ ಪರೀಕ್ಷೆ ಮಾಡಿಸಬೇಡಿ" ಎಂದು ಕೇಳಿಕೊಂಡು ಬಂದಳು. ತಪ್ಪು ಮಾಡಿದವರೇ ಹೀಗೆ ಹೆದರುವುದು ಎಂದುಕೊಂಡು ಬೊಮ್ಮಣ್ಣನ ಪಟ್ಟು ಇನ್ನೂ ಬಿಗಿಯಾಯಿತು.

ಒಂದು ತಿಂಗಳ ಮೇಲೆ ಅಜ್ಜಿಯನ್ನು ಆಸ್ಪತ್ರೆಯಿಂದ ಕರೆತಂದರು. ಗೊತ್ತುಮಾಡಿದ ದಿನ ಹತ್ತು ಗಂಟೆಗೆ ಅವಳನ್ನು ಕುರ್ಚಿಯ ಮೇಲೆ ಕೂರಿಸಿ ಇಬ್ಬರು ಹೊತ್ತು ತಂದರು. ಈರಬಸಪ್ಪನವರು ನಡುಮನೆಯಲ್ಲಿ ಕಂಬಳಿಯ ಮೇಲೆ ಕೂತಿದ್ದರು. ನಾನು ಕಂಬದ ಹತ್ತಿರವೂ ಸುಳಿಯದಂತೆ ನನ್ನ ಪಕ್ಕದಲ್ಲಿ ಒಬ್ಬನನ್ನು ಕಾವಲಿಗೆ ನಿಲ್ಲಿಸಿದ್ದರು. ಸಾವಂತ್ರಿಯನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಲು ಹೇಳಿದ್ದರು. ಯಾರೋ ಫ್ಯೂಸು ಕಿತ್ತು, ಹಳೆಯ ವೈರು ತೆಗೆದು, ಬರಿಯ ಬಿಲ್ಲೆಯನ್ನು ಅಜ್ಜಿಯ ತೊಡೆಯ ಮೇಲಿಟ್ಟರು.

"ಅಜ್ಜಿಗೆ ಕಣ್ಣು ಕಾಣಲ್ಲ," ಎಂದಳು ಸಾವಂತ್ರಿ. "ವೈರು ಸುತ್ತೋದನ್ನ ನಾನು ಮಾಡಿಕೊಡ್ತೀನಿ ಯಜಮಾನ್ರೇ. ಒತ್ತೋದು ಅಜ್ಜಿನೇ ಒತ್ತಲಿ."

"ಅದೆಲ್ಲ ಆಗಲ್ಲ," ಎಂದ ಬೊಮ್ಮಣ್ಣ. "ನಮ್ಮವ್ವನೇ ಸುತ್ತಬೇಕು, ನಮ್ಮವ್ವನೇ ಒತ್ತಬೇಕು. ಸುತ್ತವ್ವ, ನೀನು ಕಟ್ಟಿದ ಮನೆ."

ಅಜ್ಜಿ ಮಗನ ಮುಖವನ್ನು ನೋಡಿದಳು. ಆಮೇಲೆ ಸಾವಂತ್ರಿಯ ಮುಖವನ್ನು ನೋಡಿದಳು. ಕೂದಲಿನಂಥ ವೈರಿನ ಎಳೆಯನ್ನು ಎತ್ತಿ, ಬಿಲ್ಲೆಯ ಕಿರಿದಾದ ತೂತಿನಲ್ಲಿ ಒಂದೇ ಸಲಕ್ಕೆ ತೂರಿಸಿದಳು. ಕಣ್ಣು ಕಿರಿದು ಮಾಡಲಿಲ್ಲ, ತಡಕಲಿಲ್ಲ. ಆಗ ನನಗೆ ಮೊರದ ಅಕ್ಕಿ ನೆನಪಾಯಿತು, ಸೂಜಿ ನೆನಪಾಯಿತು, ಸ್ಟೂಲಿನ ಮೇಲಿನಿಂದ ಸಾವಂತ್ರಿ ನನ್ನನ್ನು ನೋಡಿದ ನೋಟ ನೆನಪಾಯಿತು. ಕುರ್ಚಿಯನ್ನು ಬೋರ್ಡಿನ ಎತ್ತರಕ್ಕೆ ಎತ್ತಿ ಹಿಡಿದರು. ಅವಳು ಒತ್ತಿದಳು.

ಬರಲಿಲ್ಲ.

ಹಿಂದಿನ ಕೋಣೆಯಲ್ಲಿ ಪುಕ್ಕ ಬಂದಿದ್ದ ಮರಿಗಳು ಹೊಟ್ಟು ಕೆದಕುವ ಸದ್ದು ಕೇಳುತ್ತಿತ್ತು. ಬೊಮ್ಮಣ್ಣ, "ಇನ್ನೊಂದು ಸಲ ಅವ್ವ, ಗಟ್ಟಿಯಾಗಿ ಒತ್ತು" ಎಂದ. ತಾಯಿಯನ್ನು ಎಲ್ಲಿಗೆ ತಂದು ನಿಲ್ಲಿಸಿದೆ ಎಂಬುದು ಅವನಿಗೆ ಆಗಷ್ಟೇ ತಿಳಿಯುತ್ತಿತ್ತು.

"ಸಾಕು, ಇಳಿಸ್ರಪ್ಪ," ಎಂದಳು ಅಜ್ಜಿ. "ಎಷ್ಟು ಒತ್ತಿದ್ರೂ ಅಷ್ಟೇ. ಆರು ವರ್ಷ ಆಯ್ತು ಈ ಮನೆ ನನ್ನನ್ನ ಮರೆತು."

ಕುರ್ಚಿ ನೆಲಕ್ಕೆ ಬಂತು. ಅವಳು ಗೋಡೆಯ ಕಡೆ ನೋಡುತ್ತಾ ಮಾತಾಡಿದಳು. "ಯುಗಾದಿ ಹಿಂದಿನ ದಿನ ಅದು. ಮೂರು ಸಲ ಕಟ್ಟಿದೆ, ಬರಲಿಲ್ಲ. ಈ ಹುಡುಗಿ ‘ವೈರು ಸಡಿಲ ಆಗಿದೆ ಕೊಡಜ್ಜಿ’ ಅಂತ ಇಸ್ಕೊಂಡು ಸುತ್ತಿ ಕೊಟ್ಟಳು. ಒತ್ತಿದೆ, ಬಂತು. ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ. ಒಲೆ ಮೇಲೆ ಹಾಲಿದೆ ಅಂತ ಒಳಕ್ಕೆ ಹೋದಳು. ಒಲೆ ಹಚ್ಚೇ ಇರಲಿಲ್ಲ ಕಣ್ರಯ್ಯ. ಅವತ್ತಿಂದ ಇವತ್ತಿನವರೆಗೆ ಇವಳು ಸುತ್ತೋದು, ನಾನು ಒತ್ತೋದು. ಒಂದು ಮಾತು ಆಡಿದೋರಲ್ಲ ನಾವಿಬ್ಬರೂ. ಇಟ್ಟಿಗೆ ಹೊತ್ತು ಹೊತ್ತು ನನ್ನ ನೆತ್ತಿ ಬೋಳಾಗಿದೆ ನೋಡ್ರಿ. ಈ ಗೋಡೆ ನನ್ನ ಮರೀತು ಅಂತ ಯಾರ ಹತ್ರ ಹೇಳ್ಕೊಳ್ಳಲಿ?"

ಸಾವಂತ್ರಿ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನಾನು ಅವಳನ್ನು ನೋಡಿದೆ. ಆರು ವರ್ಷ ಒಂದೇ ಸೂರಿನಡಿ ಇದ್ದು, ಸ್ಟೂಲು ಹಿಡಿದುಕೊಂಡಿದ್ದೂ, ನನಗೆ ಕಾಣಲಿಲ್ಲ. ಆ ಗೋಡೆ ಅವಳನ್ನು ಯಾಕೆ ಗುರುತು ಹಿಡಿಯಿತು ಎಂದು ನಾನು ಇನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಈರಬಸಪ್ಪನವರು ಕಂಬಳಿಯ ಎಳೆಯೊಂದನ್ನು ಕಿತ್ತು ಪಕ್ಕಕ್ಕಿಟ್ಟರು. "ಕಟ್ಟಳೆ ಇರೋದು ಎಲ್ಲರಿಗೂ ಗೊತ್ತು. ಇನ್ನು ಮೇಲೆ ಈ ಮನೆ ಸಾವಂತ್ರಿದು."

"ನನ್ನದಾದ್ರೆ ಇಲ್ಲಿ ನಾನು ಹೇಳಿದ್ದು ನಡೆಯುತ್ತಾ ಯಜಮಾನ್ರೇ?"

"ನಡೆಯುತ್ತವ್ವ."

"ಹಂಗಾದ್ರೆ ಅಜ್ಜಿ ಹಾಸಿಗೆ ತಂದು ಈ ನಡುಮನೇಲಿ ಹಾಸ್ರಿ. ಇವತ್ತಿಂದ ಅಜ್ಜಿ ಇಲ್ಲೇ." ಆಮೇಲೆ ಬೊಮ್ಮಣ್ಣನ ಕಡೆ ತಿರುಗಿದಳು. "ನೀವೂ ದಿನಾ ಬಂದು ಹೋಗ್ರಿ ಅಣ್ಣ. ಮುಖ ತೋರಿಸದೆ ಗುರುತು ಹಿಡಿ ಅಂದ್ರೆ ಮನೆ ತಾನೆ ಏನು ಮಾಡುತ್ತೆ?"

ಬೊಮ್ಮಣ್ಣ ಆಗಲೇ ಗಿರಣಿಯ ಕಡೆ ಹೊರಟ. ಹಾಸಿಗೆಯನ್ನು ತಾನೇ ಹೆಗಲ ಮೇಲೆ ಹೊತ್ತು ತಂದ. ಈ ಸಲ ಬಾಗಿಲಲ್ಲಿ ತಲೆ ಬಗ್ಗಿಸಿದ.

ಅಜ್ಜಿ ಹಾಸಿಗೆಯ ಮೇಲೆ ಸರಿಯಾಗಿ ಕೂತ ಮೇಲೆ ಕೇಳಿದ ಮೊದಲ ಮಾತು, "ಬಾಡಿಗೆ ಎಷ್ಟವ್ವ ತಾಯಿ?" ಎಂದು. ಸಾವಂತ್ರಿ ಅಳುತ್ತಿದ್ದವಳು ನಕ್ಕುಬಿಟ್ಟಳು.

ಯುಗಾದಿಯ ಹೊತ್ತಿಗೆ ಅಜ್ಜಿ ಕೋಲು ಹಿಡಿದು ನಡೆಯತೊಡಗಿದಳು. ದೊಡ್ಡವಾದ ಕೋಳಿಗಳು ಅಜ್ಜಿಯ ಹಿಂದೆಯೇ ಸುತ್ತುತ್ತಿದ್ದವು. ಅವಳು ಅವಕ್ಕೆ ಬೈಯುತ್ತಾ ನುಚ್ಚು ಹಾಕುತ್ತಿದ್ದಳು. ಗೋಡೆಗಳನ್ನೂ ಬಿಡಲಿಲ್ಲ. ಉದುರಿದ ಕಡೆ ಮಣ್ಣು ಮೆತ್ತಿದಳು, ಸುಣ್ಣ ಬಳಿದಳು, ಬಳಿಯುತ್ತಾ ಅವಕ್ಕೂ ಬೈದಳು. "ಹೊತ್ತು ತಂದೋಳು ನಾನು, ಗೊತ್ತೈತೋ ಇಲ್ಲವೋ ನಿನಗೆ?" ಎನ್ನುವುದು ಅಡುಗೆಮನೆಯವರೆಗೆ ಕೇಳುತ್ತಿತ್ತು. ಬೊಮ್ಮಣ್ಣ ಸಂಜೆ ಗಿರಣಿ ಮುಚ್ಚಿ ಬಂದು ಜಗಲಿಯಲ್ಲಿ ಕೂತು, ಚಾ ಕುಡಿದು ಹೋಗುತ್ತಿದ್ದ. ಫ್ಯೂಸು ಹೋದಾಗಲೆಲ್ಲ ಸಾವಂತ್ರಿ, "ನೀನು ಕಟ್ತಾ ಇರಜ್ಜಿ, ನಾನು ಒಂದು ಬಿಂದಿಗೆ ನೀರು ಸೇದಿಕೊಂಡು ಬರ್ತೀನಿ" ಎಂದು ಹಿತ್ತಲ ಬಾವಿಗೆ ಹೋಗಿಬಿಡುತ್ತಿದ್ದಳು. ಅಜ್ಜಿ ಕಟ್ಟುವಳು, ಬರುತ್ತಿರಲಿಲ್ಲ. ಸಾವಂತ್ರಿ ನೀರು ತಂದಿಟ್ಟು, ಒಂದು ಮಾತೂ ಆಡದೆ ತಾನು ಕಟ್ಟುವಳು. ಹೀಗೆ ಮೂರು ಸಲ ಆಯಿತು.

ನಾಲ್ಕನೆಯ ಸಲ ಶ್ರಾವಣದ ಒಂದು ಮಧ್ಯಾಹ್ನ. ಮೋಡ ಕವಿದು ನಡುಮನೆ ಕತ್ತಲಾಗಿತ್ತು. ನಾನು ಊಟಕ್ಕೆಂದು ಬಂದವನು ಜಗಲಿಯಲ್ಲಿ ಮೀಟರಿನ ಪಕ್ಕ ನಿಂತೆ. ಮೀಟರ್‌ವರೆಗೆ ಕರೆಂಟು ಇತ್ತು, ಟೆಸ್ಟರ್ ಇಟ್ಟು ನೋಡಿದೆ. ಒಳಗೆ ಅಜ್ಜಿ ಸ್ಟೂಲಿನ ಮೇಲೆ ಒಂದು ಕೈಯಿಂದ ಗೋಡೆ ಹಿಡಿದು ನಿಂತು, ಇನ್ನೊಂದು ಕೈಯಲ್ಲಿ ಬಿಲ್ಲೆ ಹಿಡಿದಿದ್ದಳು. ಸ್ಟೂಲು ಹಿಡಿಯಲು ನಾನು ಒಂದು ಹೆಜ್ಜೆ ಇಟ್ಟೆ. "ಅಲ್ಲೇ ನಿಲ್ಲು," ಎಂದಳು, ತಿರುಗಿ ನೋಡದೆ.

ಅವಳು ಒತ್ತಿದಳು. ಗೋಡೆಯ ಮೇಲಿನ ವೈರು ಗುಂಯ್ ಎಂದಿತು. ಪುಷ್ಯದ ಆ ಬೆಳಿಗ್ಗೆ ಕೇಳಿಸಿದ್ದ ಅದೇ ಸದ್ದು. ಆಮೇಲೆ ಬೆಳಕು. ಸುಣ್ಣ ಬಳಿದ ಗೋಡೆಗಳು ಒಂದೊಂದಾಗಿ ಬೆಳಗುತ್ತಾ ಹೋದವು. ಅಜ್ಜಿ ಸ್ಟೂಲಿನ ಮೇಲೆ ಹಾಗೇ ನಿಂತಿದ್ದಳು, ಅಂಗೈಯನ್ನು ಗೋಡೆಯಿಂದ ತೆಗೆದಿರಲಿಲ್ಲ. "ಬಂತು," ಎಂದಳು ಮೊದಲು ತನಗೆ ತಾನೇ. ಆಮೇಲೆ ಇಡೀ ಬೀದಿಗೆ ಕೇಳುವ ಹಾಗೆ, "ಬಂತು ಕಣೇ ಸಾವಂತ್ರೀ!"

ತೆರೆದ ಹಿಂಬಾಗಿಲಿನಿಂದ ಬಾವಿಕಟ್ಟೆ ಕಾಣುತ್ತಿತ್ತು. ಬಿಂದಿಗೆ ಆಗಲೇ ತುಂಬಿ ಚೆಲ್ಲುತ್ತಿದ್ದರೂ ಸಾವಂತ್ರಿ ಮನೆಗೆ ಬೆನ್ನು ಮಾಡಿಕೊಂಡು ನೀರು ಸೇದಿ ಸೇದಿ ಅದಕ್ಕೇ ಸುರಿಯುತ್ತಿದ್ದಳು. ಕೂಗು ಕೇಳಿದ ಮೇಲೆ ಹಗ್ಗ ಕೈಬಿಟ್ಟು ಕಟ್ಟೆಯ ಮೇಲೆ ಕೂತಳು. ಹೋಗಿ ಅವಳ ಪಕ್ಕ ಕೂರಬೇಕು ಅನ್ನಿಸಿತು. ಆದರೆ ಮೀಟರಿನವರೆಗಿನದಷ್ಟೇ ನನ್ನದು. ಕೈಯಲ್ಲಿ ಟೆಸ್ಟರ್ ಹಿಡಿದುಕೊಂಡು ನಾನು ಅಲ್ಲೇ ನಿಂತು, ಮೀಟರಿನಿಂದ ಒಳಗಿನದನ್ನು ನೋಡುತ್ತಿದ್ದೆ.